ಹಳೇ ಬ್ರೌಸರ್‌ಗಳ ವಾರ್ಡನ್ ಮೇಡಂ

ಬೆಳಗಿನ ಆರು ಗಂಟೆ. ಗ್ರಂಥಾಲಯದ ಮೂರನೇ ಮಹಡಿಗೆ ಕಸ ಗುಡಿಸುವವರು ಇನ್ನೂ ಬಂದಿಲ್ಲ. ಉದ್ದನೆಯ ಮೇಜಿನ ಮೇಲೆ ಒಂಬತ್ತು ಹಳೆಯ ಕಂಪ್ಯೂಟರುಗಳು ಸಾಲಾಗಿ ಕೂತಿವೆ. ಐವತ್ತೆರಡು ವರ್ಷದ ಹೆಂಗಸೊಬ್ಬರು ಕನ್ನಡಕವನ್ನು ಹಣೆಗೇರಿಸಿಕೊಂಡು ಒಂದೊಂದನ್ನೇ ಎಬ್ಬಿಸುತ್ತಿದ್ದಾರೆ. ಒಂದು, ಗುಂಡಿ ಒತ್ತಿದ ಕೂಡಲೇ ಏಳುತ್ತದೆ; ಮತ್ತೊಂದು ಹತ್ತು ನಿಮಿಷ ಗೊಣಗುತ್ತದೆ. ಕಚೇರಿಯವರು ಈ ಮೇಜಿಗೆ ಇಟ್ಟ ಹೆಸರು ವೃದ್ಧಾಶ್ರಮ. ಹಾಗಾಗಿ ಇವರು ಎಲ್ಲರಿಗೂ ವಾರ್ಡನ್ ಮೇಡಂ.

ಈ ಗ್ರಂಥಾಲಯದ ಹಳೆಯ ಪುಸ್ತಕಗಳನ್ನು ಯಾವ ಊರಿನಲ್ಲಿ ಕೂತವರೂ ವೆಬ್‌ಸೈಟಿನಲ್ಲಿ ಓದಬಹುದು. ದಿನಕ್ಕೆ ಎಂಟು ಸಾವಿರ ಓದುಗರು ಬರುತ್ತಾರೆ. ಹೆಚ್ಚಿನವರ ಬ್ರೌಸರ್ ಹೊಸದು, ಕೆಲವರದು ವರ್ಷಗಟ್ಟಲೆ ಬದಲಾಗದ್ದು. ಪುಟಗಳು ಹಳೆಯದರಲ್ಲೂ ತೆರೆದುಕೊಳ್ಳುತ್ತವೆಯೇ ಎಂದು ದಿನವೂ ನೋಡುವುದು, ಕೆಟ್ಟಿದ್ದರೆ ಸರಿಪಡಿಸುವುದು, ಕೊನೆಗೊಂದು ದಿನ ‘ಈ ಬ್ರೌಸರನ್ನು ಇನ್ನು ಕೈಬಿಡಬಹುದು’ ಎಂದು ಸಹಿ ಹಾಕುವುದು ಮೇಡಂ ಕೆಲಸ. ದಿನಕ್ಕೆ ನಲವತ್ತು ಮಂದಿಗಿಂತ ಕಡಿಮೆ ಬಳಸಿದರೆ ಕೈಬಿಡಬೇಕೆಂಬುದು ನಿಯಮ. ಹದಿನೇಳು ವರ್ಷಗಳಲ್ಲಿ ಅವರು ಇಪ್ಪತ್ತಮೂರು ಬ್ರೌಸರ್‌ಗಳಿಗೆ ಹೀಗೆ ವಿದಾಯ ಹೇಳಿದ್ದಾರೆ.

‘ನಿಮ್ಮ ಬ್ರೌಸರ್ ಹಳೆಯದಾಗಿದೆ’ ಎಂದು ಯಾವುದೋ ಪುಟ ನನ್ನನ್ನು ಹೊರಗಟ್ಟಿದಾಗ ನಾನೂ ಹಿಡಿಶಾಪ ಹಾಕಿದವನೇ. ಅದೆಲ್ಲ ಇಂಥ ಒಬ್ಬರ ಪಾಲಿಗೆ ಹೋಗುತ್ತಿತ್ತೆಂದು ಗೊತ್ತಿರಲಿಲ್ಲ. ಹಾಗೆಂದು ಒಪ್ಪಿಕೊಂಡೆ. ಮೇಡಂ ನಕ್ಕರು. “ಪುಟ ತೆರೆದ್ರೆ ಯಾರೂ ನನ್ನನ್ನ ನೆನೆಸ್ಕೊಳ್ಳಲ್ಲ. ತೆರೀಲಿಲ್ಲ ಅಂದ್ರೆ ನೆನೆಸ್ಕೊಳ್ತಾರೆ, ಬಾಯಿಗೆ ಬಂದ ಹಾಗೆ.”

ಇಪ್ಪತ್ತನಾಲ್ಕನೆಯದರ ಸರದಿ ಬಂದು ವರ್ಷವಾಗಿದೆ. ಲೆಕ್ಕ ನಲವತ್ತರ ಆಸುಪಾಸಿನಲ್ಲೇ ತೂಗಾಡುತ್ತಿದೆ. ಅದೊಂದನ್ನು ಸಾಕುವುದಕ್ಕೆ ತಿಂಗಳಿಗೆ ನಾಲ್ಕು ದಿನ ಹಾಳು ಎಂದು ಕಿರಿಯರು ತಲೆ ತಿನ್ನುತ್ತಿದ್ದಾರೆ. ಮೇಡಂ ಮಾತ್ರ ಇನ್ನೊಂದು ತಿಂಗಳು, ಇನ್ನೊಂದು ತಿಂಗಳು ಎಂದು ಮುಂದೂಡುತ್ತಲೇ ಬಂದಿದ್ದಾರೆ. ಅದಕ್ಕೆ ಕಾರಣ ದೂರದ ಊರಿನಲ್ಲಿರುವ ಅವರ ಅಕ್ಕ.

ಅಮ್ಮ ತೀರಿಕೊಂಡಾಗ ಮೇಡಂಗೆ ಏಳು ವರ್ಷ. ತಲೆ ಬಾಚಿ, ಅಕ್ಷರ ಕಲಿಸಿ ದೊಡ್ಡವಳನ್ನಾಗಿ ಮಾಡಿದ್ದು ಅಕ್ಕನೇ. ಭಾವ ಹಡಗಿನಲ್ಲಿ ಕೆಲಸಕ್ಕಿದ್ದವರು, ಹೋದಲ್ಲಿಂದೆಲ್ಲ ಅಕ್ಕನಿಗೆ ಇ-ಮೇಲ್‌ನಲ್ಲಿ ಪತ್ರ ಬರೆಯುತ್ತಿದ್ದರು. ಅವರು ತೀರಿಕೊಂಡ ಮೇಲೆ ಆ ಮುನ್ನೂರು ಚಿಲ್ಲರೆ ಪತ್ರಗಳು ಅಕ್ಕನ ಕಂಪ್ಯೂಟರಿನಲ್ಲಿ ಮಾತ್ರ ಉಳಿದಿದ್ದವು. ಆರು ವರ್ಷದ ಹಿಂದೆ ಅಕ್ಕನನ್ನು ನೋಡಲು ಹೋದ ಮೇಡಂ, ಕಂಪ್ಯೂಟರ್ ತೆವಳುತ್ತಿದೆಯೆಂದು ತಾವಾಗಿಯೇ ಅದರ ಮುಂದೆ ಕೂತರು.

“ನಾನು ಕೇಳ್ಲೇ ಇಲ್ಲ,” ಎನ್ನುತ್ತಾರೆ. “ಎಲ್ಲ ನನಗೇ ಗೊತ್ತು ಅನ್ನೋ ಜಂಬ. ಅವಳು ಅಡುಗೆಮನೆಯಿಂದ ಬರೋಷ್ಟರಲ್ಲಿ ಎಲ್ಲ ಅಳಿಸಿ, ಹೊಸ ಬ್ರೌಸರ್ ಹಾಕಿ, ನೋಡಕ್ಕಾ ಎಷ್ಟು ಚುರುಕಾಗಿದೆ ಅಂದೆ.”

ಪತ್ರಗಳು ಎಲ್ಲೂ ಸಿಗಲಿಲ್ಲ. ಇನ್ನು ಮೇಲೆ ಇದನ್ನು ಯಾರೂ ಮುಟ್ಟಕೂಡದೆಂದು ಹೇಳಿ ಅಕ್ಕ ಒಳಗೆ ಹೋದರು. ಅಂದಿನಿಂದ ಫೋನ್ ಎತ್ತಿಲ್ಲ. ಆಕೆ ಚೆನ್ನಾಗಿದ್ದಾರೆ ಎಂಬುದಷ್ಟೇ ನೆಂಟರ ಬಾಯಿಂದ ತಿಳಿಯುತ್ತದೆ. ಅಂದು ಮೇಡಂ ಹಾಕಿಕೊಟ್ಟ ಬ್ರೌಸರೇ ಈಗ ಸರದಿಯಲ್ಲಿರುವ ಇಪ್ಪತ್ತನಾಲ್ಕನೆಯದು. ಅಕ್ಕ ಹಟದವರು, ಖಂಡಿತ ಬದಲಾಯಿಸಿರುವುದಿಲ್ಲ.

ವೆಬ್‌ಸೈಟಿನ ದಾಖಲೆಯಲ್ಲಿ ಓದುಗರ ಹೆಸರು ಇರುವುದಿಲ್ಲ. ಬ್ರೌಸರ್, ಸಮಯ, ಪುಟ ಇಷ್ಟೇ. ಕಳೆದ ವರ್ಷ ಅದರಲ್ಲಿ ಮೇಡಂ ಒಬ್ಬ ಓದುಗರನ್ನು ಗುರುತಿಸಿದರು. ಅದೇ ಬ್ರೌಸರ್, ದಿನವೂ ಐದೂಮುಕ್ಕಾಲಿಗೆ, ಅಕ್ಕನಿಗೆ ಪ್ರಿಯವಾದ ಹಳೆಯ ಕಾದಂಬರಿಗಳ ಪುಟ. ಭಾನುವಾರವೂ ತಪ್ಪುತ್ತಿರಲಿಲ್ಲ. ಅಕ್ಕ ಏಳುವುದೂ ಆ ಹೊತ್ತಿಗೇ. ವರ್ಷವಿಡೀ ಮೇಡಂ ಕಚೇರಿಗೆ ಬಂದು ಮೊದಲು ಆ ಒಂದು ಸಾಲು ನೋಡಿ, ಅಕ್ಕ ಎದ್ದಿದ್ದಾಳೆ ಎಂದುಕೊಂಡು ಕೆಲಸ ಶುರುಮಾಡಿದರು.

ಎರಡು ತಿಂಗಳ ಹಿಂದೆ ಆ ಓದುಗರು ಮೂರು ದಿನ ಬರಲಿಲ್ಲ. ಮೇಡಂ ರಜೆ ಬರೆದುಕೊಟ್ಟು ಬಸ್ಸಿನಲ್ಲಿ ಸೀಟು ಕಾದಿರಿಸಿದರು. ಹೊರಡುವ ಮುನ್ನವೇ, ನಾಲ್ಕನೆಯ ಬೆಳಿಗ್ಗೆ, ಸಾಲು ಮತ್ತೆ ಕಾಣಿಸಿತು. ಮೇಜಿನ ಮೇಲೆ ಕೆಟ್ಟು ನಿಂತಿದ್ದ ಐದನೆಯ ಕಂಪ್ಯೂಟರನ್ನು ರಿಪೇರಿಯವನು ಹಿಂದಿನ ಸಂಜೆಯಷ್ಟೇ ಸರಿಮಾಡಿ ಹೋಗಿದ್ದ. ದಿನವೂ ಐದೂಮುಕ್ಕಾಲಿಗೆ ತಾನಾಗಿ ಎದ್ದು ಅದೇ ಬ್ರೌಸರಿನಲ್ಲಿ ಕಾದಂಬರಿಗಳ ಪುಟ ತೆರೆದು ಪರೀಕ್ಷಿಸಿ ಮತ್ತೆ ಮಲಗುವಂತೆ ಅದನ್ನು ಎಂದೋ ಹೊಂದಿಸಿ ಮರೆತವರು ಮೇಡಂ ಅವರೇ. ಪರೀಕ್ಷೆಯ ಯಂತ್ರಗಳನ್ನು ಓದುಗರ ಲೆಕ್ಕದಿಂದ ಬಿಡಬೇಕು. ಹೋದ ವರ್ಷ ಮೇಜು ಎರಡನೇ ಮಹಡಿಯಿಂದ ಇಲ್ಲಿಗೆ ಬಂದಾಗ ಐದನೆಯದು ಹಾಗೆ ಬಿಡಬೇಕಾದವುಗಳ ಪಟ್ಟಿಯಿಂದ ತಪ್ಪಿಹೋಗಿತ್ತು.

“ಒಂದು ವರ್ಷ ನನ್ನ ಕಂಪ್ಯೂಟರನ್ನೇ ಅಕ್ಕಾ ಅಂದ್ಕೊಂಡಿದ್ದೆ,” ಎನ್ನುತ್ತಾರೆ. ನಗಲು ನೋಡುತ್ತಾರೆ, ಆಗುವುದಿಲ್ಲ.

ಐದನೆಯದನ್ನು ಬಿಟ್ಟು ಎಣಿಸಿದರೆ ದಿನಕ್ಕೆ ಮೂವತ್ತೊಂಬತ್ತು. ತಪ್ಪನ್ನು ಮುಚ್ಚಿಟ್ಟಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಮೇಡಂ ತಾವೇ ಮ್ಯಾನೇಜರಿಗೆ ಹೇಳಿ, ಈ ತಿಂಗಳ ಕೊನೆಗೆ ನಿಲ್ಲಿಸುವುದಾಗಿ ಸಹಿ ಹಾಕಿದ್ದಾರೆ. ಆ ಮೂವತ್ತೊಂಬತ್ತರಲ್ಲಿ ಅಕ್ಕ ಇದ್ದರೂ ಇರಬಹುದು, ಇಲ್ಲದೆಯೂ ಇರಬಹುದು. ಇನ್ನು ತಿಳಿಯುವ ದಾರಿಯಿಲ್ಲ. ಅವರು ಕೇಳಿಕೊಂಡದ್ದು ಒಂದೇ: ಓದುಗರ ಮುಖಕ್ಕೆ ಖಾಲಿ ಪುಟ ಬಡಿಯುವುದು ಬೇಡ, ದಪ್ಪಕ್ಷರದಲ್ಲಿ ಒಂದು ಸೂಚನೆ ಇರಲಿ, ಅದರಲ್ಲಿ ತಮ್ಮ ಮೇಜಿನ ಫೋನ್ ನಂಬರ್ ಇರಲಿ.

ಸೂಚನೆ ಈಗಾಗಲೇ ಕಾಣಿಸುತ್ತಿದೆ. ಹನ್ನೆರಡು ದಿನಗಳಲ್ಲಿ ಹನ್ನೊಂದು ಕರೆ ಬಂದಿವೆ. ನಿವೃತ್ತ ಮೇಷ್ಟರೊಬ್ಬರು ಚೆನ್ನಾಗಿ ಬೈದು, ಆಮೇಲೆ ಅರ್ಧ ಗಂಟೆ ಕೂತು ಹೊಸ ಬ್ರೌಸರ್ ಹಾಕಿಕೊಂಡಿದ್ದಾರೆ. ಯಾರೇ ಕರೆ ಮಾಡಲಿ, ಕಂಪ್ಯೂಟರಿನಲ್ಲಿ ಏನೇನಿದೆ, ಅದನ್ನು ಬೇರೆ ಕಡೆಯೂ ಇಟ್ಟುಕೊಂಡಿದ್ದೀರಾ ಎಂದು ಮೇಡಂ ಮೊದಲು ಕೇಳುತ್ತಾರೆ.

ಸೂಚನೆಗೆ ಮೂರು ಸಾಲು ಸಾಕೆಂದು ಮ್ಯಾನೇಜರ್ ಹೇಳಿದ್ದರಂತೆ. ಮೇಡಂ ನಾಲ್ಕನೆಯದೊಂದನ್ನು ಹಟ ಹಿಡಿದು ಉಳಿಸಿಕೊಂಡಿದ್ದಾರೆ: ‘ನಿಮ್ಮನ್ನು ಕೇಳದೆ ನಿಮ್ಮ ಕಂಪ್ಯೂಟರಿನಲ್ಲಿ ನಾವು ಏನನ್ನೂ ಮುಟ್ಟುವುದಿಲ್ಲ.’

“ಅಕ್ಕ ಫೋನ್ ಮಾಡದಿದ್ರೂ ಪರವಾಗಿಲ್ಲ,” ಎನ್ನುತ್ತಾರೆ. “ಆ ಸಾಲನ್ನ ಅವಳು ಓದಿದ್ರೆ ಸಾಕು. ಬರೆದದ್ದು ಯಾರು ಅಂತ ಅವಳಿಗೆ ಗೊತ್ತಾಗುತ್ತೆ.”