ಏಳನೆಯ ಹೆಸರು

ಗೊಳಸಂಗಿಯ ಚಹದಂಗಡಿಯಲ್ಲಿ ಬಾಗೇವಾಡಿ ಬಸ್ಸಿಗೆ ಕಾಯುತ್ತಿದ್ದೆ. ಊರಿನ ಕಬಡ್ಡಿ ತಂಡದ ಹೆಸರುಗಳ ಯಾದಿಯೂ ಅದೇ ಬಸ್ಸಿಗೆ ಹೋಗಬೇಕಿತ್ತು. ಅಲ್ಲಿಯ ಪಂದ್ಯಾವಳಿಯ ನೋಂದಣಿ ಮಧ್ಯಾಹ್ನ ಹನ್ನೆರಡಕ್ಕೆ ಮುಗಿಯುತ್ತಿತ್ತು. ತಂಡ ನೋಡಿಕೊಳ್ಳುವ ಶಾಲೆಯ ಮಾಸ್ತರರು ಆರು ಹೆಸರು ಬರೆದು ಕುಳಿತಿದ್ದರು. ಹೊರಗಿನ ಊರಿನ ಒಬ್ಬನನ್ನು ಸೇರಿಸಲು ಅವಕಾಶವಿತ್ತು. ಜಗಳ ನಡೆದದ್ದು ಏಳನೆಯ ಹೆಸರಿಗೆ.

“ಸಿಂದಗಿಯಾಂವನ್ನ ಕರಸ್ರಿ ಮಾಸ್ತರ್ರ. ಹ್ವಾದ ವರ್ಸ ಇಂಡಿ ಊರವರು ಮಣ್ಣ ಮುಕ್ಕಿಸಿದ್ದು ಮರತ್ರೇನು?”

“ಅಂವಾ ಬರೇ ರೇಡ್ ಹೊಡೀತಾನ. ಎಡಕ ನಿಂತು ಹಿಡಿಯಾಂವ ಯಾರಲೇ, ನಿಮ್ಮಪ್ಪೇನು?”

“ಕಾಸೀಮನ ಮೊಣಕಾಲ ನೋಡಿ ಮಾತಾಡೋ.”

ಎಂಟು ವರ್ಷ ಎಡಮೂಲೆಯಲ್ಲಿ ಆಡಿದ ಕಾಸೀಮ ಬೆಂಚಿನ ತುದಿಯಲ್ಲೇ ಇದ್ದ. ಬಾತ ಮೊಣಕಾಲಿಗೆ ಸುತ್ತಿದ ಬಟ್ಟೆಯನ್ನು ಬಿಚ್ಚಿ ಮತ್ತೆ ಬಿಗಿಯುತ್ತಿದ್ದ. ಚಹ ಆರಿ ಕೆನೆಗಟ್ಟಿತ್ತು.

ಹೊರಗಿನವನು ಬಂದರೆ ಎಲ್ಲಿ ಉಳಿಯುತ್ತಾನೆಂದು ಅಂಗಡಿಯವನನ್ನು ಕೇಳಿದೆ.

“ಯಾರ ಜಾಗಾ ಹೋಗತೈತಿ, ಅವರ ಮನ್ಯಾಗ್ರಿ. ಊಟಾನೂ ಅಲ್ಲೇ. ಮನಸಿನ್ಯಾಗ ಸಿಟ್ಟ ಉಳೀಬಾರದಂತ ನಮ್ಮೂರ ಪದ್ಧತಿ ಐತಿ.”

ದೂರದಲ್ಲಿ ಬಸ್ಸಿನ ಹಾರ್ನ್ ಕೇಳಿತು. ಮಾಸ್ತರರು ಕಾಸೀಮನ ಕಡೆ ನೋಡದೆ ಕಾಗದದ ಮೇಲೆ ಬಾಗಿದರು. ಏಳನೆಯ ಹೆಸರು ಬರೆದರು. ಯಾದಿಯನ್ನು ಕಂಡಕ್ಟರನ ಕೈಗೆ ಕೊಟ್ಟು ಅವರು ತಿರುಗಿದಾಗ ಕಾಸೀಮ ಎದ್ದು ನಿಂತಿದ್ದ.

“ಮಾಸ್ತರ್ರ, ಸಿಂದಗಿಯಾಂವ ಖಾರ ಎಷ್ಟ ತಿಂತಾನ್ರಿ? ಮನ್ಯಾಗ ಹೇಳಬೇಕು.”