ಬೀಗರ ಹಾಡಿನ ವೆಂಕಟಲಕ್ಷ್ಮಿ

ವೆಂಕಟಲಕ್ಷ್ಮಿಗೆ ಹೆದರಲು ಕಾರಣವೇ ಬೇಕಿರಲಿಲ್ಲ. ಬಸ್ಸಿನ ಕಂಡಕ್ಟರ್ ಸೀಟಿ ಊದಿದರೆ ಹೆದರಿಕೆ, ಮದರಾಸಿನ ಅಡ್ಯಾರಿನಲ್ಲಿದ್ದ ಅಣ್ಣನ ಮನೆಯ ಟೆಲಿಫೋನ್ ಬಡಿದುಕೊಂಡರೆ ಹೆದರಿಕೆ. ಕರೆಂಟಿನ ಸ್ವಿಚ್ಚನ್ನು ಒದ್ದೆ ಕೈಯಲ್ಲಿ ಹಾಗಿರಲಿ, ಒಣ ಕೈಯಲ್ಲೂ ಮುಟ್ಟುತ್ತಿರಲಿಲ್ಲ. ನಾಲ್ಕು ಜನರ ನಡುವೆ ಯಾರಾದರೂ "ಚೆನ್ನಾಗಿದೀರಾ?" ಎಂದರೆ ಸಾಕು, ನಾಲಗೆ ಒಣಗಿ, ಸೆರಗಿನ ತುದಿ ಬೆರಳಿಗೆ ಸುತ್ತಿಕೊಳ್ಳುತ್ತಿತ್ತು. ಗಂಡ ಮಧ್ವರಾಜ ಕ್ರೋಂಪೇಟೆ ಸ್ಟೇಷನ್ನಿನಲ್ಲಿ ಟಿಕೆಟ್ ಕೊಡುವ ಗುಮಾಸ್ತ. ಬಂದವರ ಮುಂದೆ "ಇವಳು ನಮ್ಮ ಮೌನಗೌರಿ" ಎಂದೇ ಪರಿಚಯ ಮಾಡಿಕೊಡುತ್ತಿದ್ದ. ಕೇಳಿ ಕೇಳಿ ಅವಳಿಗೂ ಅದೇ ಸರಿ ಎನಿಸಿತ್ತು.

ಆದರೆ ಒಂದು ಮಟ್ಟು ಕಿವಿಗೆ ಬೀಳಬೇಕು, ಆಗ ಈ ಹೆಂಗಸೇ ಬೇರೆ. ಪಕ್ಕದ ಮನೆಯ ರೇಡಿಯೋದಲ್ಲಿ ಸಿಲೋನಿನಿಂದ ಸಿನಿಮಾ ಹಾಡು ಬಂದರೆ ಒರಳಿನ ಮುಂದೆ ಕೂತು ರುಬ್ಬುತ್ತಲೇ ಕೇಳುತ್ತಿದ್ದಳು. ತಮಿಳೋ ಹಿಂದಿಯೋ, ಅದರ ಮಾತು ಅವಳಿಗೆ ಬೇಕಿರಲಿಲ್ಲ. ಮಾತನ್ನು ಬಸಿದು ಚೆಲ್ಲಿ ಮಟ್ಟನ್ನು ಉಳಿಸಿಕೊಳ್ಳುತ್ತಿದ್ದಳು. ಹಿಟ್ಟು ನುಣ್ಣಗಾಗುವ ಹೊತ್ತಿಗೆ ಆ ಮಟ್ಟಿನಲ್ಲಿ ಕನ್ನಡದ ನಾಲ್ಕು ನುಡಿ ಬಂದು ಕೂತಿರುತ್ತಿದ್ದವು. ಮಟ್ಟಿಲ್ಲದೆ ಒಂದು ಸಾಲು ಕಟ್ಟು ಎಂದರೆ ಮಾತ್ರ ಅಳು ಬಂದುಬಿಡುತ್ತಿತ್ತು.

ಹೀಗಾಗಿ ಮದರಾಸಿನ ನಮ್ಮವರ ಮನೆಗಳಲ್ಲಿ ಬೀಗರ ಹಾಡಿಗೆ ಅವಳೇ ಆಗಬೇಕು. ಗಂಡಿನ ಕಡೆಯವರನ್ನು ಊಟದ ಪಂಕ್ತಿಯಲ್ಲಿ ಕೂರಿಸಿ, ಹೆಣ್ಣಿನ ಕಡೆಯವರು ಹಾಡಿನಲ್ಲಿ ಛೇಡಿಸುವುದು ಹಿಂದಿನಿಂದ ಬಂದದ್ದು. ಬೀಗಿತ್ತಿಯ ಮೂಗು, ಬೀಗರ ಜಿಪುಣತನ, ಅಳಿಯನ ಬೊಕ್ಕತಲೆ, ಏನು ಬೇಕಾದರೂ ಹಾಡಬಹುದು. ಕೇಳಿದವರು ಕೋಪಿಸಿಕೊಳ್ಳುವಂತಿಲ್ಲ. ಕೋಪಿಸಿಕೊಂಡರೆ ಊರೆಲ್ಲ ಅವರನ್ನೇ ನೋಡಿ ನಗುತ್ತದೆ.

ಸಾವಿರದ ಒಂಬೈನೂರ ಐವತ್ತೆಂಟರಲ್ಲಿ ಅವಳ ಅಣ್ಣ ಬದರಿನಾಥನ ಮಗಳು ವಾಸಂತಿಗೆ ನಿಶ್ಚಿತಾರ್ಥ ಗೊತ್ತಾಯಿತು. ಬದರಿನಾಥ ವಿಮಾ ಕಂಪನಿಯಲ್ಲಿ ಅಧಿಕಾರಿ, ಮನೆಯಲ್ಲೂ ಅಧಿಕಾರಿಯೇ. ವೆಂಕಟಲಕ್ಷ್ಮಿಗೆ ಮಕ್ಕಳಿರಲಿಲ್ಲ. ವಾಸಂತಿ ರಜೆ ಬಂದರೆ ಕ್ರೋಂಪೇಟೆಯ ಅತ್ತೆಯ ಮನೆಯಲ್ಲೇ ಇದ್ದು ಬೆಳೆದವಳು. ಅವಳ ಜಡೆ ಹೆಣೆದದ್ದು, ಜ್ವರ ಬಂದಾಗ ಹಣೆಗೆ ಬಟ್ಟೆ ಹಾಕಿದ್ದು ಇವಳೇ. ಆ ಹುಡುಗಿಯ ಮೇಲೆ ಇವಳಿಗೆ ಜೀವ.

ನಿಶ್ಚಿತಾರ್ಥದ ದಿನ ಹುಡುಗ ತಿರುಮಲ ಕಾರಿನಿಂದ ಇಳಿದ. ಬೀಗರ ಕಾಲಿಗೆ ನೀರು ಕೊಡಲು ತಂಬಿಗೆ ಹಿಡಿದು ನಿಂತಿದ್ದ ವೆಂಕಟಲಕ್ಷ್ಮಿ ಅವನ ಮುಖ ನೋಡಿದಳು. ಎಡ ಹುಬ್ಬಿನ ನಡುವೆ ಕೂದಲಿಲ್ಲದ ಒಂದು ಗೆರೆ. ಅವಳ ಕೈಯ ನೀರು ಅರ್ಧ ಅವನ ಕಾಲಿಗೆ, ಅರ್ಧ ತನ್ನ ಸೀರೆಗೆ ಬಿತ್ತು.

ಆ ಗೆರೆಯನ್ನು ಅವಳು ಹೋದ ಬೇಸಿಗೆಯಲ್ಲಿ ಮದರಾಸಿನ ಹೊರವಲಯದ ಎಣ್ಣೂರಿನಲ್ಲಿ ಕಂಡಿದ್ದಳು. ಗಂಡನ ಸ್ನೇಹಿತರೊಬ್ಬರ ಮನೆಯ ಪೂಜೆ ಮುಗಿಸಿ ರೈಲು ಹತ್ತಿದಾಗ ಗಂಡ ಕೂತೊಡನೆ ತೂಕಡಿಸತೊಡಗಿದ, ಎದುರಿನ ಸೀಟಿನಲ್ಲಿ ಈ ಮನುಷ್ಯ ಕೂತಿದ್ದ. ಪ್ಲಾಟ್‌ಫಾರಂ ಮೇಲೆ ತಾಳಿ ಕಟ್ಟಿಕೊಂಡ ಒಬ್ಬಳು ಹೆಂಗಸು, ಅವಳ ಕಂಕುಳಲ್ಲಿ ಒಂದು ಹೆಣ್ಣುಕೂಸು. ರೈಲು ಹೊರಟಾಗ ಕೂಸು ಕಿಟಕಿಯತ್ತ ಕೈ ಚಾಚಿ "ಅಪ್ಪಾ" ಎಂದು ಕಿರುಚಿತ್ತು. ಅವನು ಕಣ್ಣು ಒರೆಸಿಕೊಂಡದ್ದನ್ನು ನೋಡಿ ವೆಂಕಟಲಕ್ಷ್ಮಿಗೂ ಕಣ್ಣು ತುಂಬಿತ್ತು. ಎಷ್ಟು ಒಳ್ಳೆಯ ಗಂಡ ಎಂದುಕೊಂಡಿದ್ದಳು.

ಈಗ ಇಲ್ಲಿ ರಾಹುಕಾಲ ಕಳೆಯಲಿ ಎಂದು ಊಟವನ್ನು ಮುಂದೆ ಮಾಡಿ, ತಾಂಬೂಲವನ್ನು ಊಟದ ನಂತರಕ್ಕೆ ಇಟ್ಟುಕೊಂಡಿದ್ದರು. ತಾಂಬೂಲ ಕೈ ಬದಲಾಯಿತೋ, ಮಾತು ಮುಗಿಯಿತು. ಅದಕ್ಕೆ ಮೊದಲು ಹೇಳಬೇಕು.

ಅಣ್ಣನ ಹತ್ತಿರ ಹೋದಳು. "ಅಣ್ಣಾ, ಆ ಹುಡುಗ..."

"ಏನು ಹುಡುಗ?" ಬದರಿನಾಥ ತಿರುಗಿ ನೋಡಿದ.

ಅವನ ಆ ನೋಟಕ್ಕೇ ಅವಳಿಗೆ ಬೆವರಿತು. "ಏನಿಲ್ಲ. ಹುಡುಗನಿಗೆ ಕಾಫಿ ಬೇಕಂತೆ."

ಅಡುಗೆಮನೆಗೆ ಹೋಗಿ ಅತ್ತಿಗೆ ವಿಮಲಾಳ ಮುಂದೆ ನಿಂತಳು. ವಿಮಲಾ ಅವಳ ಕೈಗೆ ಕೋಸಂಬರಿಯ ಪಾತ್ರೆ ಕೊಟ್ಟು ಕಳಿಸಿದಳು. ಕೊನೆಗೆ ಹಿತ್ತಲಲ್ಲಿ ಗಂಡನನ್ನು ಹಿಡಿದು, ತೊದಲುತ್ತ, ಅಷ್ಟನ್ನೂ ಹೇಳಿದಳು.

ಮಧ್ವರಾಜ ಸುತ್ತಮುತ್ತ ನೋಡಿದ. "ಹುಬ್ಬು ನೋಡಿ ಹೇಳ್ತಿದೀಯಾ? ಪ್ರಪಂಚದಲ್ಲಿ ಒಬ್ಬನಿಗೇನಾ ಹುಬ್ಬಲ್ಲಿ ಗೆರೆ ಇರೋದು? ತಪ್ಪಾದ್ರೆ ನಿನ್ ತವರು ಮನೆ ಬಾಗ್ಲು ಮುಚ್ಚಿತು ಅಂತ ತಿಳ್ಕೋ. ಹುಡುಗಿ ಮದುವೆ ಕೆಡಿಸಿದೋಳು ಅಂತ ಊರೆಲ್ಲ ಆಡ್ಕೊಳುತ್ತೆ. ಚುಮ್ಮಾ ಇರು, ಬಾಯ್ಬಿಡಬೇಡ."

ಅವನು ಹೇಳಿದ್ದು ಸುಳ್ಳಲ್ಲ. ಅವನೇ ಹೌದು ಎಂದು ಅವಳು ಆಣೆ ಮಾಡಿ ಹೇಳಬಲ್ಲಳೇ? ರೈಲಿನಲ್ಲಿ ನೋಡಿದ ಮುಖ, ಅದೂ ಒಂದು ಸಲ. ಅವನಲ್ಲದಿದ್ದರೆ ಅಣ್ಣ ಜನ್ಮದಲ್ಲಿ ಕ್ಷಮಿಸುವುದಿಲ್ಲ. ಅವನೇ ಆಗಿದ್ದರೆ ವಾಸಂತಿ ಇನ್ನೊಬ್ಬಳ ಗಂಡನಿಗೆ ಕೊರಳು ಒಡ್ಡುತ್ತಾಳೆ. ವೆಂಕಟಲಕ್ಷ್ಮಿ ಹಿತ್ತಲ ಕಲ್ಲಿನ ಮೇಲೆ ಕೂತಳು.

ಆಗ ಆಚೆ ಮನೆಯ ರೇಡಿಯೋದಲ್ಲಿ ಒಂದು ಹಾಡು ಶುರುವಾಯಿತು. ಕುಣಿಯುವಂಥ ಮಟ್ಟು. ಅಭ್ಯಾಸ ಬಲ, ಅವಳ ಬೆರಳು ಕಲ್ಲಿನ ಮೇಲೆ ತಾಳ ಹಾಕಿತು. ಬಂದಿದ್ದು ನಗುವಿನ ಮಾತಲ್ಲ; ಎಣ್ಣೂರು, ರೈಲು, ಕಿಟಕಿ, ಕೂಸು. ಅವಳು ಬೆಚ್ಚಿ ಬಾಯಿಗೆ ಸೆರಗು ಒತ್ತಿಕೊಂಡಳು. ಆದರೆ ಮಟ್ಟು ಬಿಡಲಿಲ್ಲ, ಒಂದರ ಹಿಂದೆ ಒಂದು ಸಾಲು ಬಂದು ಕೂತವು. ಆಗ ಅವಳಿಗೆ ಹೊಳೆಯಿತು. ಬೀಗರ ಹಾಡಿಗೆ ಯಾರೂ ಕೋಪಿಸಿಕೊಳ್ಳುವಂತಿಲ್ಲವಲ್ಲ. ಅವನಲ್ಲದಿದ್ದರೆ ಅದು ತಮಾಷೆ, ಎಲ್ಲರ ಜೊತೆ ಅವನೂ ನಗುತ್ತಾನೆ. ಅವನೇ ಆಗಿದ್ದರೆ ಅವನೊಬ್ಬನಿಗೆ ತಿಳಿಯುತ್ತದೆ.

ಎಲೆ ಹಾಕಿದರು. ಬೀಗರು ಕೂತರು. ಹೋಳಿಗೆ ಬರುತ್ತಿದ್ದ ಹಾಗೆ ಬೀಗಿತ್ತಿಯೇ ಕೇಳಿದರು, "ಎಲ್ಲಿ, ನಿಮ್ಮ ಕಡೆ ಹಾಡೋರು ಇದಾರಂತಲ್ಲ?"

ವೆಂಕಟಲಕ್ಷ್ಮಿ ಗೋಡೆಗೆ ಒರಗಿ ನಿಂತಳು. ರೇಡಿಯೋದ ಆ ಮಟ್ಟನ್ನೇ ಹಿಡಿದು ಶುರು ಮಾಡಿದಳು.

"ಬೀಗಿತ್ತಿ ಬಂದರು ರೇಷ್ಮೆ ಸೀರೆ ಉಟ್ಟು,
ಹೋಳಿಗೆ ಕಂಡೊಡನೆ ಬಿಗುಮಾನ ಬಿಟ್ಟು."

ಪಂಕ್ತಿಯೆಲ್ಲ ನಕ್ಕಿತು. ಬೀಗಿತ್ತಿ ನಕ್ಕು ಇನ್ನೊಂದು ಹೋಳಿಗೆ ಹಾಕಿಸಿಕೊಂಡರು.

"ಮದುವಣಿಗ ರೈಲಿಂದ ಇಳಿದು ಬಂದನಮ್ಮ,
ಎಣ್ಣೂರ ಕಡೆ ಯಾಕೆ ತಿರುತಿರುಗಿ ನೋಡ್ವನಮ್ಮ."

ಮತ್ತೆ ನಗು. ವೆಂಕಟಲಕ್ಷ್ಮಿ ನಗುವವರನ್ನು ನೋಡಲಿಲ್ಲ. ತಿರುಮಲ ತುಪ್ಪದ ಹೋಳಿಗೆಯ ತುಂಡನ್ನು ಬಾಯಿಗೆ ಒಯ್ಯುತ್ತಿದ್ದವನು ಕೈಯನ್ನು ಎಲೆಗೆ ಇಳಿಸಿದ. ಅವನ ಪಕ್ಕದಲ್ಲಿ ಬೀಗಿತ್ತಿಯ ನಗು ಫಕ್ಕನೆ ನಿಂತಿತು. ಅಯ್ಯೋ, ಅಮ್ಮನಿಗೂ ಗೊತ್ತು.

"ಸಾಕು ವೆಂಕೂ, ಅವರು ಊಟ ಮಾಡಲಿ," ಎಂದ ಬದರಿನಾಥ. ದನಿ ಮೆತ್ತಗಿತ್ತು, ಕಣ್ಣು ಮೆತ್ತಗಿರಲಿಲ್ಲ.

ಅವಳು ಹುಟ್ಟಿದಂದಿನಿಂದ ಆ ಕಣ್ಣಿಗೆ ಹೆದರಿದವಳು. ನಿಲ್ಲಿಸಿಯೇಬಿಡುತ್ತಿದ್ದಳು. ಆದರೆ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ವಾಸಂತಿ ಹುಡುಗನ ಮುಖವನ್ನೇ ನೋಡುತ್ತಿದ್ದಳು. ಅತ್ತೆಯತ್ತ ತಿರುಗದೆಯೇ, ಅರ್ಧ ಕನ್ನಡ ಅರ್ಧ ತಮಿಳಿನ ತನ್ನ ಮಾತಿನಲ್ಲಿ ಹೇಳಿದಳು.

"ನಿಲ್ಲಿಸ್ಬೇಡಿ ಅತ್ತೆ. ಪಾಡುಂಗೊ."

ವೆಂಕಟಲಕ್ಷ್ಮಿ ಕಣ್ಣು ಮುಚ್ಚಿಕೊಂಡು ಹಾಡಿದಳು. ದನಿ ನಡುಗಿತು, ಮಟ್ಟು ತಪ್ಪಲಿಲ್ಲ.

"ಕಿಟಕಿಗೆ ಕೈ ಚಾಚಿ ಅಪ್ಪಾ ಎಂದಳು ಕೂಸು,
ಯಾರ ಮಗಳು ಅವಳು, ಮದುಮಗನೆ, ತಿಳಿಸು."

ಈ ಸಲ ಯಾರೂ ನಗಲಿಲ್ಲ. ಕಣ್ಣು ತೆರೆದಾಗ ತಿರುಮಲ ಎದ್ದು ನಿಂತಿದ್ದ. ಹಿರಿಯರೆಲ್ಲ ಇನ್ನೂ ಕೂತಿರುವಾಗ ಎಂಜಲು ಕೈಯಲ್ಲಿ ಪಂಕ್ತಿ ಬಿಟ್ಟು ಏಳುವುದನ್ನು ಆ ಮನೆಯಲ್ಲಿ ಯಾರೂ ಕಂಡಿರಲಿಲ್ಲ. "ಕೂತ್ಕೋ" ಎಂದು ಅವನ ತಾಯಿ ಪಂಚೆ ಎಳೆದರು. ಅವನು ಕೂರಲಿಲ್ಲ. ಬದರಿನಾಥನ ಮುಂದೆ ಹೋಗಿ, "ಅವಳು ನನ್ನ ಮಗಳೇ ಸಾರ್. ಆ ಮದುವೆ ಒಪ್ಪದ ಅಮ್ಮನಿಗೆ ಇದು ಬೇಡ ಅಂತ ಎಷ್ಟೋ ಹೇಳಿದೆ. ಕೇಳಲಿಲ್ಲ," ಎಂದು ತಲೆ ತಗ್ಗಿಸಿ ಹೊರಗೆ ನಡೆದ.

ಆಮೇಲೆ ಆದ ಕೂಗಾಟವನ್ನು ವೆಂಕಟಲಕ್ಷ್ಮಿ ಹಿತ್ತಲಿನಿಂದಲೇ ಕೇಳಿದಳು. ಕಾರುಗಳು ಹೋದವು. ಅಣ್ಣ ಹಿತ್ತಲ ಕಡೆ ಬರಲೇ ಇಲ್ಲ. ಅವಳಿಗೆ ಚಳಿ ಹತ್ತಿದ ಹಾಗಾಗಿತ್ತು. ಸರಿಯಾದದ್ದನ್ನೇ ಮಾಡಿದರೂ ಹೆದರಿಕೆ ಹೋಗುವುದಿಲ್ಲವೆಂದು ಅವಳಿಗೆ ಆವತ್ತು ಗೊತ್ತಾಯಿತು.

ವಾಸಂತಿ ರೇಷ್ಮೆ ಸೀರೆಯಲ್ಲೇ ಬಂದು ಪಕ್ಕದಲ್ಲಿ ಕೂತಳು. ಅವಳ ಕೈಯೂ ತಣ್ಣಗಿತ್ತು.

"ನಂಗೂ ಭಯ ಆಗ್ತಿದೆ ಅತ್ತೆ. ಇನ್ಮೇಲೆ ಯಾರು ನೋಡಕ್ಕೆ ಬರ್ತಾರೆ?"

ವೆಂಕಟಲಕ್ಷ್ಮಿ ಹುಡುಗಿಯ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು.

"ಆ ಪಾಪುಗೆ ಎಷ್ಟು ವಯಸ್ಸು ಇರಬಹುದು?" ಎಂದು ವಾಸಂತಿ ಕೇಳಿದಳು.

"ಮೂರು ತುಂಬಿದೆಯೋ ಇಲ್ವೋ."

ವಾಸಂತಿ ಮೂಗು ಒರೆಸಿಕೊಂಡು ಹೇಳಿದಳು.

"ಹೋಗ್ಲಿ ಬಿಡಿ. ಅವಳಿಗೆ ಅಪ್ಪ ಉಳಿದ್ರಲ್ಲ."