ನೆಲವೇ ಡೊಂಕಾಗಿತ್ತು

ಮೂವತ್ತೊಂದು ವರ್ಷ ರಸ್ತೆಯ ಮೇಲೇ ಬದುಕಿದ ಮನುಷ್ಯ. ಆದರೆ ರಸ್ತೆ ಹಿಡಿದು ಎಲ್ಲಿಗಾದರೂ ಹೋದದ್ದು ಬೆರಳೆಣಿಕೆಯಷ್ಟು ಸಲ. ರೋಲರ್ ಓಡಿಸುವವನ ಹಣೆಬರಹವೇ ಅಂಥದ್ದು. ಬೆಳಿಗ್ಗೆ ಹತ್ತಿದ ಜಾಗಕ್ಕೂ ಸಂಜೆ ಇಳಿದ ಜಾಗಕ್ಕೂ ನಡುವೆ ಒಂದು ಕೂಗಳತೆ. ಮುಂದಕ್ಕೆ, ಹಿಂದಕ್ಕೆ, ಮುಂದಕ್ಕೆ, ಹಿಂದಕ್ಕೆ. ಬೀದಿಯವರಿಗೆ ಅವನು ರೋಲರಣ್ಣ. ಹೆಂಡತಿಗೆ, ಮುನಿಸು ಬಂದಾಗ, ಆಮೆ. "ನಿಮ್ಮಪ್ಪನ್ನ ಊಟಕ್ಕೆ ಕರೆದ್ರೂ ಮೊದಲು ಎರಡು ಹೆಜ್ಜೆ ಹಿಂದಕ್ಕೆ ಹೋಗಿ ಆಮೇಲೆ ಮುಂದಕ್ಕೆ ಬರ್ತಾರೆ" ಎಂದು ಮಕ್ಕಳೆದುರು ನಗುತ್ತಿದ್ದಳು.

ಕಸುಬಿನಲ್ಲಿ ಮಾತ್ರ ಅವನದು ಹುಡುಗಾಟವಲ್ಲ. ಡಾಂಬರು ಬಿಸಿಯಿರುವಾಗಲೇ ಉರುಳಬೇಕು. ಅಂಚಿನಿಂದ ಶುರುಮಾಡಿ ನಡುವಿಗೆ ಬರಬೇಕು. ಒಂದೊಂದು ಜಾಗದ ಮೇಲೂ ಎಂಟು ಸುತ್ತು ಬೀಳಬೇಕು. ಏಳಕ್ಕೆ ನಿಲ್ಲಿಸಿದರೆ ಜಲ್ಲಿ ಜಲ್ಲಿಯಾಗಿಯೇ ಉಳಿಯುತ್ತದೆ, ರಸ್ತೆಯಾಗುವುದಿಲ್ಲ. ತುಸು ಆರಿದ ಮೇಲೆ ಇಳಿದು, ಚಪ್ಪಲಿ ಬಿಟ್ಟು, ಅಂಗಾಲಿನಲ್ಲಿ ಒತ್ತಿ ನೋಡುತ್ತಿದ್ದ. ಇಂಜಿನಿಯರ ಕಣ್ಣಿಗೆ ಮೋಸ ಮಾಡಬಹುದು, ರೋಲರಣ್ಣನ ಅಂಗಾಲಿಗಲ್ಲ. ಮನೆಯಲ್ಲಿ ಅವನಿಗಿದ್ದ ಜಂಬ ಅದೊಂದೇ: "ನಾನು ಉರುಳಿಸಿದ ರೋಡು ಹತ್ತು ವರ್ಷ ಅಲ್ಲಾಡಲ್ಲ."

ಮಕ್ಕಳಿಬ್ಬರು. ದೊಡ್ಡವಳು ಮಗಳು, ಮೋಟಾರ್ ಸೈಕಲ್ಲಿನ ಹಿಂದೆ ಆಳೆತ್ತರ ಪೆಟ್ಟಿಗೆ ಕಟ್ಟಿಕೊಂಡು ಊರೆಲ್ಲ ಪಾರ್ಸೆಲ್ ಹಂಚುವವಳು. ಚಿಕ್ಕವನು ಮಗ; ಮೋಟಾರ್ ಸೈಕಲ್ ಮಾರುವ ಗಾಜಿನ ಅಂಗಡಿಯಲ್ಲಿ ಟೈ ಕಟ್ಟಿಕೊಂಡು ನಿಲ್ಲುವವನು. ದಿನಕ್ಕೆ ನೂರು ಕಿಲೋಮೀಟರು ಗಾಡಿ ಓಡಿಸಿ ಬದುಕುವವಳು ಅವಳು. ನಿಂತ ಗಾಡಿಗಳ ಧೂಳು ಒರೆಸುವವನು ಅವನು. ಆದರೂ ಮನೆಯಲ್ಲಿ ಗಾಡಿಯ ಮಾತು ಬಂದರೆ ಕೊನೆಯ ಮಾತು ಅವನದೇ. ಅದು ಯಾಕೆ ಹಾಗೆ ಎಂದು ಯಾರೂ ಕೇಳಿರಲಿಲ್ಲ. ರೋಲರಣ್ಣನೂ ಕೇಳಿರಲಿಲ್ಲ.

ಬೆಟ್ಟದಾಚೆ ಹೆಂಡತಿಯ ಅಕ್ಕನ ಮನೆ. ಅಕ್ಕತಂಗಿಯರು ಮುಖ ನೋಡಿ ನಾಲ್ಕು ವರ್ಷವಾಗಿತ್ತು. ಶನಿವಾರ ಬೆಳಿಗ್ಗೆ ಹೊರಟು ಭಾನುವಾರ ಸಂಜೆ ವಾಪಸಾಗುವುದು, ನಾಲ್ಕು ಜನ, ಎರಡು ಗಾಡಿ ಎಂದು ಮಗಳೇ ಗೊತ್ತು ಮಾಡಿದಳು. ಯಾರ ಹಿಂದೆ ಯಾರು ಎಂಬಲ್ಲಿ ಬಾಗಿಲಲ್ಲೇ ಜಗಳ ಶುರುವಾಯಿತು.

"ಅಮ್ಮ ನನ್ನ ಹಿಂದೆ ಕೂರ್ಲಿ. ದೂರದ ದಾರಿ" ಎಂದ ಮಗ.

"ಬೇಡಪ್ಪ. ನೀನು ಬ್ರೇಕ್ ಹಾಕಿದ್ರೆ ನನ್ನ ಹಲ್ಲು ನಿನ್ನ ಹೆಲ್ಮೆಟ್ಟಿಗೆ ಬಡಿಯುತ್ತೆ. ಇರೋದೇ ಹದಿನೆಂಟು" ಎಂದು ತಾಯಿ, ಪೆಟ್ಟಿಗೆ ಬಿಚ್ಚಿಟ್ಟಿದ್ದ ಗಾಡಿಯಲ್ಲಿ ಮಗಳ ಹಿಂದೆ ಹತ್ತಿ ಕೂತೇಬಿಟ್ಟಳು. ರೋಲರಣ್ಣ ಬಟ್ಟೆಯ ಚೀಲ ತೊಡೆಯ ಮೇಲಿಟ್ಟುಕೊಂಡು ಮಗನ ಹಿಂದೆ ಕೂತ. ಗಾಳಿ ಕಿವಿಗೆ ಹೊಡೆಯುವಷ್ಟು ಜೋರಾಗಿ ರಸ್ತೆಯ ಮೇಲೆ ಸಾಗಿದ್ದು ಅವನಿಗೆ ಹೊಸದು. ಮೊದಲ ಒಂದು ಗಂಟೆ ಮಗುವಿನ ಹಾಗೆ ಖುಷಿಯಾಗಿದ್ದ.

ಬೆಟ್ಟದ ಬುಡದಲ್ಲಿ ದಾರಿ ಎರಡಾಗುತ್ತದೆ. ಅಲ್ಲಿನ ಟೀ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿದರು. ಎಡಕ್ಕೆ ಹೋದರೆ ಹಳೆಯ ರಸ್ತೆ, ಬೆಟ್ಟ ಬಳಸಿಕೊಂಡು ಹೋಗುತ್ತದೆ. ಬಲಕ್ಕೆ ಹೋದರೆ ಹೋದ ವರ್ಷ ಮಾಡಿದ ಹೊಸ ರಸ್ತೆ, ಬೆಟ್ಟ ಹತ್ತಿ ನೇರ ಇಳಿಯುತ್ತದೆ. ಒಂದು ಗಂಟೆ ಉಳಿತಾಯ.

"ಸುತ್ತುದಾರೀಲಿ ಹೋಗೋಣ" ಎಂದ ರೋಲರಣ್ಣ.

ಮಗ ನಕ್ಕ. "ಅಪ್ಪಂಗೆ ಗಾಡಿ ಹತ್ತಿಸಿದ್ರೂ ರೋಲರ್ ಬುದ್ಧಿ ಬಿಡಲ್ಲ."

"ಯಾಕಪ್ಪ? ಹೊಸ ರೋಡು ನೀನೇ ಮಾಡಿದ್ದಲ್ವಾ?" ಎಂದು ಮಗಳು ಕೇಳಿದಳು. "ಪೇಪರಲ್ಲಿ ಬಂದಿತ್ತಲ್ಲ, ಅಮ್ಮ ಬೀರು ಬಾಗಿಲಿಗೆ ಅಂಟಿಸಿದಾಳೆ. ಹತ್ತು ವರ್ಷ ಅಲ್ಲಾಡದ ರೋಡಿಗೆ ಒಂದೇ ವರ್ಷಕ್ಕೆ ಏನಾಯ್ತು?"

ಏನಾಗಿತ್ತೆಂಬುದು ಅವನಿಗೊಬ್ಬನಿಗೇ ಗೊತ್ತಿತ್ತು. ಹೋದ ವರ್ಷ, ರಸ್ತೆ ಕೆಲಸದ ಕೊನೆಯ ದಿನ. ಮಾರನೆಯ ಬೆಳಿಗ್ಗೆ ದೊಡ್ಡವರೊಬ್ಬರು ಬಂದು ಟೇಪು ಕತ್ತರಿಸುವುದೆಂದು ನಿಗದಿಯಾಗಿತ್ತು. ಕೊನೆಯ ಎರಡು ಕಿಲೋಮೀಟರಿನ ಡಾಂಬರು ಸಂಜೆಗೆ, ಅದೂ ಆರಿಹೋಗಿ, ಬಂದು ಬಿತ್ತು. ಗುತ್ತಿಗೆದಾರನ ಮೇಸ್ತ್ರಿ ರೋಲರಿನ ಪಕ್ಕ ಬಂದು ನಿಂತು ಹೇಳಿದ: "ಎರಡು ಸುತ್ತು ಸಾಕು ರೋಲರಣ್ಣ. ಮೇಲೆ ನುಣ್ಣಗೆ ಕಂಡ್ರೆ ಆಯ್ತು. ಬರೋರು ಕಾರಲ್ಲಿ ಬರ್ತಾರೆ, ಕಿಟಕಿ ಏರಿಸ್ಕೊಂಡು."

"ಎಂಟಾಗ್ಬೇಕು ಸಾರ್" ಎಂದಿದ್ದ ಅವನು. ಒಂದು ಸಲ. ಮೆಲ್ಲಗೆ.

"ರೋಡೇನು ನಿಮ್ಮಪ್ಪಂದಾ?"

ಅಷ್ಟೇ. ಆ ಒಂದು ಮಾತಿಗೆ ಮೂವತ್ತು ವರ್ಷದ ಕಸುಬು ಬಾಲ ಮುದುರಿಕೊಂಡಿತು. ಎರಡು ಸುತ್ತು ಹೊಡೆದ. ಮೋರಿಯ ತಿರುವಿನಲ್ಲಿ ಅಂಚಿಗೆ ಅದೂ ಬೀಳಲಿಲ್ಲ. ಕತ್ತಲಾಗುತ್ತಿತ್ತು, ಚಕ್ರ ಹಳ್ಳಕ್ಕೆ ಜಾರೀತೆಂದು ಬಿಟ್ಟುಬಿಟ್ಟ. ಅವತ್ತು ಅಂಗಾಲಿಟ್ಟು ನೋಡಲಿಲ್ಲ. ಮಾರನೆಯ ದಿನ ಟೇಪು ಕತ್ತರಿಸಿದರು, ಚಪ್ಪಾಳೆ ಬಿತ್ತು, ಪೇಪರಿನ ಚಿತ್ರದ ಮೂಲೆಯಲ್ಲಿ ರೋಲರಿನ ಅರ್ಧ ಚಕ್ರವೂ ಬಂತು. ಹೆಂಡತಿ ಅದನ್ನು ಕತ್ತರಿಸಿ ಅಂಟಿಸುವಾಗ ಬೇಡ ಎನ್ನಲು ಅವನಿಗೆ ಬಾಯಿ ಬರಲಿಲ್ಲ. ಈಗ, ಟೀ ಅಂಗಡಿಯ ಬೆಂಚಿನ ಮೇಲೆ ಕೂತು, ಹೊಸ ರಸ್ತೆಯಲ್ಲಿ ಹೋಗಬೇಡಿ ಅನ್ನಬೇಕಾದರೆ ಯಾಕೆ ಎಂಬುದನ್ನೂ ಹೇಳಬೇಕು.

"ತಿರುವು ಜಾಸ್ತಿ" ಎಂದ.

"ನನಗೆ ತಿರುವು ಹೊಸದಾ?" ಎಂದು ಮಗಳು ಲೋಟ ಕೆಳಗಿಟ್ಟಳು.

"ರೀ, ಅಕ್ಕ ಅಲ್ಲಿ ಊಟಕ್ಕೆ ಕಾಯ್ತಿರ್ತಾಳೆ" ಎಂದಳು ಹೆಂಡತಿ. ಅಲ್ಲಿಗೆ ತೀರ್ಮಾನವಾಯಿತು. ಸುತ್ತು ತಪ್ಪಿಸಿದವನ ಸುತ್ತುದಾರಿಗೆ ಒಂದು ಮತವೂ ಬೀಳಲಿಲ್ಲ. ಅವನು ಇನ್ನೊಮ್ಮೆ ಬಾಯಿ ತೆರೆಯಲಿಲ್ಲ. ಮಾನ ದೊಡ್ಡದೋ ಹೆಂಡತಿಯ ಮೈಮೂಳೆ ದೊಡ್ಡದೋ ಎಂದು ಯಾರಾದರೂ ಕೇಳಿದ್ದರೆ ಸರಿಯಾದ ಉತ್ತರವನ್ನೇ ಕೊಡುತ್ತಿದ್ದ. ಯಾರೂ ಕೇಳಲಿಲ್ಲವಲ್ಲ.

ಮೋರಿಯ ತಿರುವಿನಲ್ಲಿ ನಡೆದದ್ದನ್ನು ಅವನು ಹಿಂದಿನ ಗಾಡಿಯಿಂದ ಕಣ್ಣಾರೆ ಕಂಡ. ಮಗಳು ತಿರುವಿಗೆ ಮೊದಲೇ ಗೇರ್ ಇಳಿಸಿದಳು, ಹಾರ್ನ್ ಹೊಡೆದಳು, ಎದುರಿಗೆ ಲಾರಿ ಬಂತೆಂದು ಎಡಕ್ಕೆ ಸರಿದಳು. ಓಡಿಸಲು ಬಲ್ಲವರು ಯಾರಾದರೂ ಅಷ್ಟೇ ಮಾಡುವುದು. ಚಕ್ರ ಅಂಚಿಗೆ ಬಿದ್ದದ್ದೇ ತಡ, ನುಣ್ಣಗೆ ಕಾಣುತ್ತಿದ್ದ ರಸ್ತೆ ಬಿಲ್ಲೆಬಿಲ್ಲೆಯಾಗಿ ಎದ್ದುಬಂತು. ಕೆಳಗೆ ಬರೀ ಸಡಿಲ ಜಲ್ಲಿ. ಹಿಂದಿನ ಚಕ್ರ ಜಾರಿ ಗಾಡಿ ಮಗ್ಗುಲಾಯಿತು. ತಾಯಿ ಕೈಯೂರಿ ಬಿದ್ದಳು. ಹೆಲ್ಮೆಟ್ ತಲೆ ಉಳಿಸಿತು; ಮಣಿಕಟ್ಟು ಉಳಿಯಲಿಲ್ಲ.

ಲಾರಿಯವನು ನಿಲ್ಲಿಸಿ ಇಳಿದ. ಪಕ್ಕದ ಪಂಕ್ಚರ್ ಅಂಗಡಿಯಿಂದ ಒಬ್ಬ ಬಂದ, ಅವನ ಹಿಂದೆ ಮೂವರು ಬಂದರು. ಬಿದ್ದವಳಿಗೆ ನೀರು ಕೊಟ್ಟರು, ಅದಕ್ಕೆ ಕೈ ಮುಗಿಯಬೇಕು. ಆದರೆ ನೀರಿನ ಜೊತೆ ತೀರ್ಪನ್ನೂ ತಂದಿದ್ದರು.

"ಹೆಂಗಸರ ಕೈಗೆ ಗಾಡಿ ಕೊಟ್ರೆ ಇಷ್ಟೇ" ಎಂದ ಪಂಕ್ಚರಿನವನು.

ಮಗಳ ಮೊಣಕೈ ತರಚಿ ರಕ್ತ ಇಳಿಯುತ್ತಿತ್ತು. "ರೋಡ್ ನೋಡಿ ಸ್ವಲ್ಪ. ಅಂಚು ಪೂರ್ತಿ ಎದ್ದು ಬಂದಿದೆ" ಎಂದಳು.

ಲಾರಿಯವನು ಹಲ್ಲು ಕಿರಿದ. "ಕುಣೀಲಾರದವಳು ನೆಲ ಡೊಂಕು ಅಂದ್ಲಂತೆ."

ಎಲ್ಲರೂ ನಕ್ಕರು. ತಮ್ಮನೂ ನಕ್ಕ, ಅರ್ಧ.

ಎಷ್ಟು ಸಲೀಸಾದ ಗಾದೆ! ಸೋತವಳ ಬಾಯಿಗೆ ತುರುಕಲು ಇದಕ್ಕಿಂತ ಒಳ್ಳೆಯ ಬಟ್ಟೆಯಿಲ್ಲ. ಆದರೆ ಇದನ್ನು ಕಟ್ಟಿದವನಾಗಲಿ, ಇದನ್ನು ಹೇಳಿ ನಕ್ಕವರಾಗಲಿ, ಒಬ್ಬರಾದರೂ ಬಗ್ಗಿ ಆ ನೆಲವನ್ನು ಮುಟ್ಟಿ ನೋಡಿದ್ದರೇ? ಕುಣಿದವಳ ಸಾಕ್ಷಿ ನಡೆಯುವುದಿಲ್ಲ. ನೋಡಿದವರ ನಗೆ ನಡೆಯುತ್ತದೆ. ನೆಲ ಹಾಕಿದವನನ್ನು ಯಾವ ಕಾಲದಲ್ಲೂ ಯಾರೂ ಕರೆಸಿ ಕೇಳಿಲ್ಲ. ಇಲ್ಲಿ ಕರೆಸುವ ತೊಂದರೆಯೂ ಇರಲಿಲ್ಲ. ನೆಲ ಹಾಕಿದವನು ಎರಡು ಮಾರು ದೂರದಲ್ಲಿ, ಬಟ್ಟೆಯ ಚೀಲ ತಬ್ಬಿಕೊಂಡು, ನಿಂತೇ ಇದ್ದ. ಅವನು ತುಟಿ ಬಿಚ್ಚಲಿಲ್ಲ.

ಮಗ ಅಕ್ಕನ ಗಾಡಿಯನ್ನೆತ್ತಿ ಪಂಕ್ಚರ್ ಅಂಗಡಿಗೆ ತಳ್ಳಿದ. ಕೀಲಿಕೈ ಕಿತ್ತು ತನ್ನ ಜೇಬಿಗೆ ಹಾಕಿಕೊಂಡ. "ಇನ್ಮೇಲೆ ನೀನು ಇದನ್ನ ಮುಟ್ಟಬೇಡ ಅಕ್ಕ. ಸಾಕು."

ಗಾದೆ ಹೇಳಿದ ಲಾರಿಯವನೇ ತಾಯಿಮಗಳನ್ನು ಹತ್ತಿಸಿಕೊಂಡು ಗಾಡಿ ತಿರುಗಿಸಿ ಬೆಟ್ಟದ ಕೆಳಗಿನ ಆಸ್ಪತ್ರೆಗೆ ಬಿಟ್ಟ. ಕೆಟ್ಟವನಲ್ಲ. ಕೆಟ್ಟವರೇ ಈ ಮಾತಾಡಿದ್ದರೆ ಇಷ್ಟು ಸಿಟ್ಟು ಬರಬೇಕಾಗಿರಲಿಲ್ಲ.

ಚಿಕ್ಕ ಆಸ್ಪತ್ರೆ. ಅಪ್ಪ ಮಗ ಇನ್ನೊಂದು ಗಾಡಿಯಲ್ಲಿ ಹಿಂದೆಯೇ ಬಂದಿದ್ದರು. ಒಳಗೆ ಡಾಕ್ಟರು ತಾಯಿಯ ಕೈಗೆ ಪಟ್ಟಿ ಹಾಕುತ್ತಿದ್ದರು. ಹೊರಗೆ ಉದ್ದದ ಬೆಂಚು, ಮೇಜು, ಮೇಜಿನ ಹಿಂದೆ ಕಾಂಪೌಂಡರ್, ಅವನ ಮುಂದೆ ಅಪಘಾತದ ರಿಜಿಸ್ಟರು. ಹೆಸರು ಕೇಳಿದ, ಬರೆದ. ವಯಸ್ಸು ಕೇಳಿದ, ಬರೆದ. ‘ಕಾರಣ’ ಎಂಬ ಕಾಲಮ್ಮಿಗೆ ಬಂದಾಗ ಮಾತ್ರ ಕೇಳಲಿಲ್ಲ. ಗಾಡಿ ಓಡಿಸಿದ್ದು ಯಾರೆಂದು ಆಗಲೇ ತಿಳಿದಿತ್ತು. ಸರಸರನೆ ಗೀಚಿದ.

ಪಾರ್ಸೆಲ್ಲಿನ ವಿಳಾಸಗಳನ್ನು ತಲೆಕೆಳಗಾಗಿ ಓದಿ ಪಳಗಿದ ಮಗಳು ಎದುರಿನಿಂದಲೇ ಓದಿದಳು: ಚಾಲಕಿಯ ಅಜಾಗರೂಕತೆ.

"ಇದನ್ನ ಯಾರು ಹೇಳಿದ್ದು ನಿಮಗೆ?"

"ಯಾರು ಹೇಳ್ಬೇಕು? ಗಾಡಿ ಬಿದ್ದಿದೆ. ಓಡಿಸಿದ್ದು ನೀವು."

"ಈ ಮಾತು ಕಂಪನಿಗೆ ಮುಟ್ಟಿದ್ರೆ ನನ್ನ ಕೆಲಸ ಹೋಗುತ್ತೆ."

"ಹೋಗ್ಲಿ ಬಿಡು ಅಕ್ಕ. ಹೇಗೂ ಇನ್ನು ಗಾಡಿ ಬೇಡ ಅಂದಾಯ್ತಲ್ಲ" ಎಂದ ತಮ್ಮ.

ಅವಳು ಜಗಳಕ್ಕೆ ನಿಲ್ಲುತ್ತಾಳೆಂದು ರೋಲರಣ್ಣ ಕಾದ. ಎಂಟು ವರ್ಷ ಬಿಸಿಲು, ಮಳೆ, ಬೀದಿನಾಯಿ, ಬಾಗಿಲು ತೆಗೆಯದ ಗಿರಾಕಿಗಳು, ಯಾವುದಕ್ಕೂ ಬಗ್ಗದವಳು. ಈಗ ಬಂದು ಅವನ ಪಕ್ಕ ಬೆಂಚಿನ ಮೇಲೆ ಕುಸಿದು ಕೂತಳು. ತನ್ನ ಕೈಗಳನ್ನೇ ನೋಡಿಕೊಂಡಳು.

"ಅಪ್ಪ, ನಂದೇ ತಪ್ಪಿರಬಹುದಾ? ಇನ್ನೂ ನಿಧಾನ ಹೋಗ್ಬೇಕಿತ್ತೇನೋ."

ನಾಲ್ಕು ಜನ ನಕ್ಕದ್ದನ್ನು ಸಹಿಸಿದ್ದ, ಮಗ ಕೀಲಿ ಕಿತ್ತದ್ದನ್ನು ಸಹಿಸಿದ್ದ. ತಪ್ಪು ಮಾಡದವಳು ತಪ್ಪು ತನ್ನದೇ ಎಂದು ನಂಬತೊಡಗಿದ್ದನ್ನು ಸಹಿಸಲಾಗಲಿಲ್ಲ. ಎದ್ದು ಮೇಜಿನ ಮುಂದೆ ಹೋಗಿ ನಿಂತ.

"ಅದನ್ನ ಹೊಡೆದುಹಾಕಪ್ಪ."

"ಯಾಕೆ ಯಜಮಾನ್ರೇ?"

"ಸುಳ್ಳು ಅದು. ರೋಡಿಗೆ ಸುತ್ತು ಕಮ್ಮಿ ಬಿದ್ದಿತ್ತು ಅಂತ ಬರಿ."

"ಏನು ಕಮ್ಮಿ?"

"ಸುತ್ತು. ಎಂಟು ಬೀಳ್ಬೇಕು. ಎರಡು ಬಿದ್ದಿದೆ. ಮೋರಿ ಹತ್ರ ಅಂಚಿಗೆ ಒಂದೂ ಬಿದ್ದಿಲ್ಲ. ಮೇಲಿಂದ ನುಣ್ಣಗೆ, ಒಳಗೆ ಟೊಳ್ಳು."

ಕಾಂಪೌಂಡರ್ ಪೆನ್ನು ಎತ್ತಿದ. "ಹಾಗೆಲ್ಲ ಬರೆಯೋಕಾಗಲ್ಲ. ನಿಮಗೆ ಯಾರು ಹೇಳಿದ್ದು?"

"ಯಾರೂ ಹೇಳಿಲ್ಲ. ಉರುಳಿಸಿದವನೇ ನಾನು."

ಬೆಂಚಿನ ಮೇಲಿದ್ದ ಬೇರೆ ರೋಗಿಗಳೂ ಇತ್ತ ತಿರುಗಿದರು. ಮಗ ಓಡಿಬಂದು ಅಪ್ಪನ ತೋಳು ಹಿಡಿದ. "ಅಪ್ಪ, ರಿಟೈರ್ ಆಗೋಕೆ ಎಂಟು ತಿಂಗಳಿದೆ. ಕಂಟ್ರಾಕ್ಟರು ಸುಮ್ನಿರ್ತಾನಾ? ಬಾ ಈ ಕಡೆ."

"ಕೈ ಬಿಡು."

ಕಾಂಪೌಂಡರ್ ಬರೆದದ್ದನ್ನು ಅಡ್ಡಗೆರೆ ಎಳೆದು ಹೊಡೆದ. ರೋಲರಣ್ಣ ಹೇಳಿದ್ದನ್ನು, ಕಾಲಮ್ಮು ಸಾಲದೆ ಅಂಚಿನಲ್ಲಿ, ಸಣ್ಣ ಅಕ್ಷರದಲ್ಲಿ ಬರೆದ. "ಸಹಿ ಮಾಡ್ತೀರಾ?" ಎಂದು ಕೇಳಿದ, ಮಾಡಲಾರ ಎಂಬ ಧೈರ್ಯದಿಂದ. ರೋಲರಣ್ಣ ಮಾಡಿದ.

ಯಾರೂ ಅವನ ಬೆನ್ನು ತಟ್ಟಲಿಲ್ಲ. ತಟ್ಟುವ ಕೆಲಸವನ್ನೇನೂ ಅವನು ಮಾಡಿರಲಿಲ್ಲ. ಮಗಳು ಬಂದು ಎದುರಿಗೆ ನಿಂತಳು.

"ಟೀ ಅಂಗಡೀಲೇ ಗೊತ್ತಿತ್ತಾ ನಿನಗೆ?"

"ಗೊತ್ತಿತ್ತು."

"ಅಮ್ಮ ನನ್ನ ಹಿಂದೆ ಕೂತಿದ್ದು?"

"ಗೊತ್ತಿತ್ತಮ್ಮ."

ಅವಳು ತಮ್ಮನ ಕಡೆ ಅಂಗೈ ಚಾಚಿದಳು. ಅವನು ಜೇಬಿನಿಂದ ಕೀಲಿಕೈ ತೆಗೆದು ಅದರ ಮೇಲಿಟ್ಟ.

ಅಷ್ಟರಲ್ಲಿ ತಾಯಿ ಪಟ್ಟಿ ಕಟ್ಟಿದ ಕೈಯನ್ನು ಕೊರಳಿಗೆ ತೂಗುಹಾಕಿಕೊಂಡು ಬಾಗಿಲಿಗೆ ಬಂದಳು. ಒಳಗಿಂದಲೇ ಎಲ್ಲ ಕೇಳಿಸಿಕೊಂಡಿದ್ದಳು. ಗಂಡನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಕೈ ಆರು ವಾರಕ್ಕೆ ಕೂಡ್ಕೊಳ್ಳುತ್ತಂತೆ ರೀ. ನಾಲ್ಕು ಜನರ ಮುಂದೆ ಮಗಳನ್ನ ಉಗಿಸ್ಕೊಳ್ಳೋಕೆ ಬಿಟ್ಟು ನಿಂತಿದ್ರಲ್ಲ, ಅದು ಎಷ್ಟು ವಾರಕ್ಕೆ ಕೂಡ್ಕೊಳ್ಳುತ್ತೆ?"

"ಇದೊಂದೇ ರೋಡಾ ಅಪ್ಪ?" ಮಗಳು ಕೇಳಿದಳು. "ಎರಡು ಸುತ್ತಿಂದು ಇದೊಂದೇನಾ?"

ರೋಲರಣ್ಣ ಕಾಂಪೌಂಡರ್ ಕಡೆ ತಿರುಗಿದ. "ಬರ್ಕೊಳ್ಳಪ್ಪ. ಇನ್ನೂ ಮೂರಿದೆ."

ಕಾಂಪೌಂಡರ್ ರಿಜಿಸ್ಟರು ಮುಚ್ಚಿದ. "ಅದು ಇದರಲ್ಲಿ ಬರಲ್ಲ ಯಜಮಾನ್ರೇ. ಅಲ್ಲಿ ಇನ್ನೂ ಯಾರೂ ಬಿದ್ದಿಲ್ಲವಲ್ಲ."

ಮಗಳು ಹೆಗಲ ಚೀಲದಿಂದ ಪಾರ್ಸೆಲ್ ರಶೀದಿಯ ಪುಸ್ತಕ ತೆಗೆದಳು. ಬೆಂಚಿನ ಮೇಲೆ ಕೂತು, ಒಂದು ಹಾಳೆ ಮಗುಚಿ ಖಾಲಿ ಬೆನ್ನನ್ನು ತೊಡೆಯ ಮೇಲೆ ಹರವಿದಳು. ಅವಳ ಮುಖದಲ್ಲಿ ಸಿಟ್ಟು ಇನ್ನೂ ಇಳಿದಿರಲಿಲ್ಲ.

"ನನಗೆ ಹೇಳು. ದಿನಾ ಓಡಾಡೋಳು ನಾನು."

"ಶಾಲೆ ಮುಂದಿನ ಇಳಿಜಾರು" ಎಂದ ರೋಲರಣ್ಣ. "ಅದನ್ನ ಮೊದಲು ಬರ್ಕೊ."